ಲವಾನ್ ಎಳೆದ ಬರೆ

ಡ್ವೇನ್ ಸ್ಟಾಡ್ಲರ್ ಹೆಂಡತಿಯನ್ನು ಬಿಟ್ಟು ಬಹಳ ದೂರವೇನೂ ಹೋಗಲಿಲ್ಲ. ಹಿತ್ತಲ ತಂತಿಬೇಲಿಯ ಆಚೆಗಿದ್ದ ಜಾನೀನ್ ಮನೆಗೆ ಹೋದ. ಬೇರೆ ಊರಿಗೆ ಹೋಗಿದ್ದರೆ ಲವಾನ್ ನಾಲ್ಕು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದಳೇನೋ. ಆದರೆ ಬೆಳಗ್ಗೆ ಎದ್ದು ಅಡುಗೆಮನೆಯ ಪರದೆ ಸರಿಸಿದರೆ ಸಾಕು, ತಾನು ಗುಂಡಿ ಹೊಲಿದುಕೊಟ್ಟ ಅಂಗಿಯನ್ನೇ ತೊಟ್ಟು ಗಂಡ ಇನ್ನೊಬ್ಬಳ ಅಂಗಳದ ಹುಲ್ಲು ಕತ್ತರಿಸುವುದು ಕಣ್ಣಿಗೆ ಬೀಳುತ್ತಿತ್ತು. ಮರೆಯುವುದು ಹೇಗೆ?

ಲವಾನ್ ಮನೆಯ ಪಕ್ಕದ ಮನೆ ನಮ್ಮದು. ನನ್ನ ಹೆಸರು ಕ್ಯಾರೊಲೀ. ನನ್ನ ಗಂಡ ಹಾರ್ಲನ್ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನೆಬ್ರಾಸ್ಕಾದ ನಮ್ಮ ಈ ಊರಿನಲ್ಲಿ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ತಿಳಿಯದೇ ಇರುವುದು ಕಷ್ಟ. ಅದರಲ್ಲೂ ಲವಾನ್ ವಿಷಯ ನನಗೆ ತಿಳಿಯದಿರುವುದು ಸಾಧ್ಯವೇ ಇರಲಿಲ್ಲ. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

ಲವಾನ್ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಎತ್ತರದ ಹೆಂಗಸು, ಅಗಲ ಭುಜ, ರೈತರ ಮನೆಯ ದೊಡ್ಡ ಕೈಗಳು. ಹಿಮಗಾಳಿ ಬೀಸಿ ಕಲ್ಲುಹಾದಿ ಯಾವುದು, ಹೊಲ ಯಾವುದು ಎಂದು ತಿಳಿಯದ ದಿನಗಳಲ್ಲೂ ಮಕ್ಕಳನ್ನು ಮನೆ ಬಾಗಿಲಿಗೆ ಮುಟ್ಟಿಸುತ್ತಿದ್ದಳು. ಮಾತು ಕಮ್ಮಿ, ತಾಳ್ಮೆ ಜಾಸ್ತಿ. ಆದರೆ ಯಾರಾದರೂ ಅವಮಾನ ಮಾಡಿದರೆ ಅದನ್ನು ಎದೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳುವ ಸ್ವಭಾವ ಅವಳದು. ಅವಳು ಬಸ್ಸಿನ ಪರವಾನಗಿಗೆ ಹೋದಾಗ ಕಚೇರಿಯ ಗುಮಾಸ್ತನೊಬ್ಬ, "ಹೆಂಗಸರ ಕೈಗೆ ಬಸ್ಸು ಕೊಟ್ರೆ ಮಕ್ಕಳ ಗತಿ ಏನಮ್ಮ?" ಎಂದು ಎಲ್ಲರೆದುರು ನಕ್ಕಿದ್ದನಂತೆ. ಎಷ್ಟೋ ವರ್ಷಗಳ ಮೇಲೆ ಒಂದು ಚಳಿಗಾಲದಲ್ಲಿ ಅವನ ಕಾರು ಚರಂಡಿಗೆ ಜಾರಿ ಹಿಮದಲ್ಲಿ ಹೂತುಹೋಗಿತ್ತು. ಲವಾನ್ ಬಸ್ಸು ನಿಲ್ಲಿಸಿ ಬಾಗಿಲು ತೆರೆದಳು. "ಅವತ್ತು ನಗ್ತಿದ್ರಲ್ಲ, ಈಗ ನಗಿ ನೋಡೋಣ," ಎಂದಳು. ಬಾಗಿಲು ಮುಚ್ಚಿ ಹೊರಟುಬಿಟ್ಟಳು. ಮುಂದಿನ ತಿರುವಿನಲ್ಲಿ ಬಸ್ಸಿನ ರೇಡಿಯೋದಲ್ಲಿ ತಿಳಿಸಿ ಗಾಡಿ ಕಳಿಸಿದ್ದು ಅವಳೇ. ಆದರೆ ಅಷ್ಟು ಹೊತ್ತು ಅವನು ನಡುಗಲಿ ಎಂಬುದು ಅವಳ ಲೆಕ್ಕಾಚಾರ.

ಡ್ವೇನ್ ಇದಕ್ಕೆ ಪೂರಾ ತದ್ವಿರುದ್ಧ. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಕಂಪನಿಯಲ್ಲಿ ಕೆಲಸ, ದೊಡ್ಡ ನಗು, ದೊಡ್ಡ ಗಂಟಲು. ಅವನ ಸಾಮ್ರಾಜ್ಯವೆಂದರೆ ಹಿತ್ತಲಿನಲ್ಲಿ ಮಾಂಸ ಸುಡುವ ಒಲೆ, ಗ್ಯಾಸ್ ಗ್ರಿಲ್. ಬೇಸಿಗೆಯ ಪ್ರತಿ ಭಾನುವಾರ ಮಧ್ಯಾಹ್ನ ಬೀದಿಯವರೆಲ್ಲ ಕುರ್ಚಿ ಎತ್ತಿಕೊಂಡು ಅವರ ಹಿತ್ತಲಿಗೆ ಹೋಗುತ್ತಿದ್ದೆವು. ಡ್ವೇನ್ ಒಂದು ಕೈಯಲ್ಲಿ ಬಿಯರ್, ಇನ್ನೊಂದು ಕೈಯಲ್ಲಿ ಉದ್ದ ಇಕ್ಕಳ ಹಿಡಿದು ಗ್ರಿಲ್ ಮುಂದೆ ನಿಂತರೆ ರಾಜನ ದರ್ಬಾರೇ. ಆ ಇಕ್ಕಳವನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಲವಾನ್ ಅಂತೂ ಆಲೂಗಡ್ಡೆ ಪಲ್ಯ, ತಟ್ಟೆ, ಕಾಗದದ ಕೈವಸ್ತ್ರ ತಂದಿಟ್ಟು ದೂರ ಕೂರಬೇಕು.

ಒಂದೇ ಒಂದು ಸಲ ಅವಳು ಇಕ್ಕಳ ಹಿಡಿದಿದ್ದಳು. ಜುಲೈ ನಾಲ್ಕು, ದೇಶದ ಸ್ವಾತಂತ್ರ್ಯದ ಹಬ್ಬ. ಡ್ವೇನ್‌ನ ಮೇಲಧಿಕಾರಿ ಕುಟುಂಬ ಸಮೇತ ಬಂದಿದ್ದರು. ಯಾರದೋ ಫೋನ್ ಬಂತೆಂದು ಡ್ವೇನ್ ಒಳಗೆ ಹೋದ. ಹೋಗುವಾಗ ಉರಿ ಏರಿಸುವ ಎಲ್ಲ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿ, "ನೋಡ್ತಾ ಇರೇ," ಎಂದ. ಕೊಬ್ಬು ತೊಟ್ಟಿಕ್ಕಿತು, ಬೆಂಕಿ ಭಗ್ಗೆಂದು ಎದ್ದಿತು. ಅವನು ತಿರುಗಿ ಬರುವಷ್ಟರಲ್ಲಿ ಸ್ಟೇಕ್‌ಗಳು, ದಪ್ಪ ದಪ್ಪ ದನದ ಮಾಂಸದ ತುಂಡುಗಳು, ಎಲ್ಲ ಇದ್ದಿಲು. ಅಂದಿನಿಂದ ಪ್ರತಿವರ್ಷ, ಪ್ರತಿ ಹೊಸ ಅತಿಥಿಗೆ, ಅದೇ ಕಥೆ. "ಇವಳ ಕೈಗೆ ಇಕ್ಕಳ ಕೊಡೋದಕ್ಕೆ ಮುಂಚೆ ಅಗ್ನಿಶಾಮಕದವ್ರಿಗೆ ಫೋನ್ ಮಾಡ್ಬೇಕು ಮಾರಾಯ್ರೆ!" ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಲವಾನ್ ತಟ್ಟೆ ಒರೆಸುತ್ತ ಸುಮ್ಮನೆ ಕೂತಿರುತ್ತಿದ್ದಳು.

ಇಂಥ ಡ್ವೇನ್ ಮೇ ತಿಂಗಳಲ್ಲಿ ಜಾನೀನ್ ಮನೆ ಸೇರಿದ. ಜಾನೀನ್ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಹೆಂಗಸು. ತೆಳ್ಳಗೆ, ಬೆಳ್ಳಗೆ, ಮೆತ್ತಗಿನ ಮಾತು. ಒಂದಾದ ಮೇಲೊಂದರಂತೆ ಸಾಮಾನು ಬೇಲಿ ದಾಟಿತು. ಕೊನೆಗೆ ಒಂದು ಶನಿವಾರ ನಮ್ಮ ಹಾರ್ಲನ್‌ನನ್ನು ಜೊತೆಗೆ ಕರೆದುಕೊಂಡು ಡ್ವೇನ್ ಗ್ರಿಲ್ ತಳ್ಳಿಕೊಂಡು ಹೋಗಲು ಬಂದ. ಲವಾನ್ ಮೆಟ್ಟಿಲಿಳಿದು ಗ್ರಿಲ್‌ಗೆ ಅಡ್ಡ ನಿಂತಳು.

"ಅದನ್ನ ಮುಟ್ಬೇಡ."

"ಏನೇ ಇದು? ನನ್ನ ಗ್ರಿಲ್ ಕಣೇ ಅದು."

"ಟಿವಿ ತಗೊಂಡೆ. ಸೋಫಾ ತಗೊಂಡೆ. ನಿಮ್ಮಮ್ಮನ ಗಡಿಯಾರ ತಗೊಂಡೆ. ನಾನು ಬಾಯಿ ಬಿಟ್ನಾ? ಇದು ಮಾತ್ರ ಇಲ್ಲೇ ಇರುತ್ತೆ."

ಡ್ವೇನ್ ಹಾರ್ಲನ್ ಕಡೆ ನೋಡಿ ಕಣ್ಣು ಮಿಟುಕಿಸಿದ. "ಇಟ್ಕೊಂಡು ಏನ್ ಮಾಡ್ತೀಯೇ? ನೆಟ್ಟಗೆ ಒಂದು ಮೊಟ್ಟೆ ಬೇಯ್ಸೋಕೆ ಬರಲ್ಲ ನಿಂಗೆ. ಮೇಲೆ ಹೂಕುಂಡ ಜೋಡಿಸ್ತೀಯಾ?"

ಬೇಲಿಯಾಚೆ ಜಾನೀನ್ ನಿಂತಿದ್ದಳು. ಅವಳಿಗೆ ನಗು ಬಂತೋ, ಮುಜುಗರಕ್ಕೆ ಹಾಗೆ ಮಾಡಿದಳೋ, ಬಾಯಿಗೆ ಕೈ ಅಡ್ಡ ಹಿಡಿದಳು. ಲವಾನ್ ಅದನ್ನೂ ನೋಡಿದಳು.

"ಏನ್ ಮಾಡ್ತೀನಿ ಅಂತ ನೋಡ್ತಾ ಇರು," ಎಂದಳು. ಅಷ್ಟೇ.

ಶಾಲೆಗೆ ರಜೆ ಬಂತು, ಬಸ್ಸು ನಿಂತಿತು, ಲವಾನ್‌ಗೆ ಬೇಸಿಗೆ ಪೂರ್ತಿ ಬಿಡುವು. ಮೊದಲ ದಿನ ಗ್ರಿಲ್ ಹಚ್ಚಿದರೆ ಉರಿ ಮೇಣದಬತ್ತಿಯಷ್ಟೂ ಏಳಲಿಲ್ಲ. ಮಾಂಸ ಬೇಯುವ ಬದಲು ಬೆವರುತ್ತಿತ್ತು. ಅವಳು ಕೆಂಡಾಮಂಡಲವಾಗಿ ನಮ್ಮ ಮನೆಗೆ ಬಂದಳು.

"ಹಾರ್ಲನ್, ಬಾರೋ ಇಲ್ಲಿ. ಆ ನಿನ್ನ ಸ್ನೇಹಿತ ಹೋಗೋವಾಗ ಏನೋ ಕಿತಾಪತಿ ಮಾಡಿಟ್ಟು ಹೋಗಿದ್ದಾನೆ."

ಹಾರ್ಲನ್ ಹೋಗಿ ನೋಡಿದ. "ಮೊದಲು ಯಾವುದನ್ನ ತಿರುಗಿಸ್ದೆ?"

"ಗ್ರಿಲ್‌ದು. ಆಮೇಲೆ ಸಿಲಿಂಡರ್‌ದು, ಒಂದೇ ಸಲಕ್ಕೆ."

"ಅದಕ್ಕೇ. ಹಂಗ್ ಮಾಡಿದ್ರೆ ಗ್ಯಾಸ್ ಸೋರ್ತಾ ಇದೆ ಅಂತ ತಿಳ್ಕೊಂಡು ಸಿಲಿಂಡರ್ ರೆಗ್ಯುಲೇಟರ್ ತಾನೇ ಉಸಿರು ಕಟ್ಕೊಳ್ಳುತ್ತೆ. ಎಲ್ಲಾ ಮುಚ್ಚು. ಸ್ವಲ್ಪ ಹೊತ್ತು ಬಿಡು. ಆಮೇಲೆ ಮುಚ್ಚಳ ತೆರೆದಿಟ್ಟು, ಮೊದ್ಲು ಸಿಲಿಂಡರ್‌ನ ಮೆಲ್ಲಗೆ ತಿರುಗಿಸಿ, ಆಮೇಲೆ ಗ್ರಿಲ್ ಹಚ್ಚು."

ಉರಿ ಭುಸ್ಸೆಂದು ಎದ್ದಿತು. ಡ್ವೇನ್ ಏನೂ ಮಾಡಿರಲಿಲ್ಲ. ಅದನ್ನು ಕೇಳಿ ಲವಾನ್ ಮುಖ ಸಪ್ಪಗಾದದ್ದನ್ನು ನಾನು ಕಂಡೆ. ಅವನ ಮೇಲೆ ಹೊರಿಸಲು ಇನ್ನೊಂದು ಅಪರಾಧ ಸಿಕ್ಕಿತೆಂದುಕೊಂಡಿದ್ದಳು, ಕೈತಪ್ಪಿತು.

ಆದರೆ ಉರಿ ಎದ್ದ ಮೇಲೆ ಹಳೆಯ ಕಥೆಯೇ. ಡ್ವೇನ್‌ನ ಜಾಲರಿ ತೆಳು ಕಂಬಿಗಳದ್ದು. ಕೊಬ್ಬು ನೇರ ಬೆಂಕಿಗೆ ಬಿದ್ದು ಜ್ವಾಲೆ ಮೇಲೆ ನುಗ್ಗುತ್ತಿತ್ತು. ಒಂದು ಮೂಲೆ ಕುಲುಮೆ, ಇನ್ನೊಂದು ಮೂಲೆ ತಣ್ಣಗೆ. ಅವಳು ಸುಟ್ಟು ಹಾಳುಮಾಡಿದ್ದನ್ನು ತಿಂದು ಹಾರ್ಲನ್ ಹೊಟ್ಟೆ ಕೆಟ್ಟಿತು. ಮಲಗಿದ್ದಲ್ಲಿಂದಲೇ ಅವನು ಹೇಳಿದ, "ಅಂಗಡೀಲಿ ಒಂದು ಬೇರೆ ಥರದ ಜಾಲರಿ ಇದೆ. ದಪ್ಪ ಅಲ್ಯೂಮಿನಿಯಂದು. ಮಾಂಸದ ಮೇಲೆ ಗೀಟು ಗೀಟಾಗಿ ಬರೆ ಎಳೆಯೋದಕ್ಕೆ ಅಂತಲೇ ಮಾಡಿರೋದು. ಧೂಳು ಹಿಡೀತಾ ಇದೆ. ಡ್ವೇನ್ ಅದನ್ನ ನೋಡಿ, 'ಬೆಂಕಿ ಪಳಗಿಸೋಕೆ ಬರದ ಷಂಡರಿಗೆ ಇದು,' ಅಂತಿದ್ದ."

"ಹಾಗಂದ್ನಾ?"

"ಹೂಂ."

"ನಾಳೆ ತಗೊಂಡ್ ಬಾ."

ಉತ್ತ ಹೊಲದ ಸಾಲುಗಳ ಹಾಗೆ ಏಣು ಏಣಾಗಿದ್ದ ಹಲಗೆಗಳು ಹಾರ್ಲನ್ ತಂದ ಆ ಜಾಲರಿಯವು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತಿದ್ದವು. ಏಣುಗಳ ನಡುವಿನ ಕಾಲುವೆಯಲ್ಲಿ ಸಣ್ಣ ತೂತುಗಳು; ಅಡಿ ಭಾಗ ಚಪ್ಪಟೆ. ಕೊಬ್ಬು ಕಾಲುವೆಗೆ ಬಿದ್ದು ಅಲ್ಲೇ ಹೊಗೆಯಾಗುತ್ತಿತ್ತು, ಬೆಂಕಿ ಮೇಲಕ್ಕೆ ನುಗ್ಗುತ್ತಿರಲಿಲ್ಲ. ಕಾವು ಮೂಲೆಮೂಲೆಗೂ ಸಮನಾಗಿ ಹರಡುತ್ತಿತ್ತು. ಇನ್ನೇನು ಗೆದ್ದೆವು ಎಂದುಕೊಂಡೆವು. ಗೆಲ್ಲಲಿಲ್ಲ. ಲವಾನ್ ಹಠದಲ್ಲಿ ಪೂರ್ತಿ ಉರಿ ಕೊಟ್ಟು, ಮುಚ್ಚಳ ಹಾಕಿ, ಬಹಳ ಹೊತ್ತು ಕಾಯಿಸಿದಳು. ಸ್ಟೇಕ್ ಇಟ್ಟ ಕೂಡಲೇ ಹೊರಗೆ ಕರಿ, ಒಳಗೆ ಹಸಿ. ಮೇಲಾಗಿ ಅದು ಏಣುಗಳಿಗೆ ಕಚ್ಚಿಕೊಂಡಿತ್ತು. ಅವಳು ಇಕ್ಕಳದಲ್ಲಿ ಎಳೆದಳು, ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು. ಬೇಲಿಯಾಚೆಯಿಂದ ಡ್ವೇನ್ ದನಿ ಬಂತು.

"ಲವಾನ್! ಅಗ್ನಿಶಾಮಕದವ್ರಿಗೆ ನಾನೇ ಫೋನ್ ಮಾಡ್ಲಾ?"

ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಕಿವಿ ಕೆಂಪಗಾಗಿತ್ತು. ಮರುದಿನ ಮಾಂಸದಂಗಡಿಗೆ ಹೋಗಿ ಮತ್ತೆ ತಂದಳು. ಅದರ ಮರುದಿನವೂ. ಆ ಜೂನ್ ತಿಂಗಳು ಅವಳು ಹಿಮದ ಹಾದಿಯಲ್ಲಿ ಬಸ್ಸು ಓಡಿಸುವ ತಾಳ್ಮೆಯಲ್ಲೇ ಆ ಗ್ರಿಲ್ ಜೊತೆ ಬಡಿದಾಡಿದಳು. ಒಂದು ದಿನಕ್ಕೆ ಒಂದೇ ಬದಲಾವಣೆ. ಉರಿಯನ್ನು ಮಧ್ಯಕ್ಕಿಳಿಸಿದಳು. ಮುಚ್ಚಳದ ಮೇಲಿನ ಉಷ್ಣಮಾಪಕ ಹೇಳುವುದಕ್ಕಿಂತ ಜಾಲರಿ ಎಷ್ಟೋ ಹೆಚ್ಚು ಕಾದಿರುತ್ತದೆ ಎಂದು ಕಂಡುಕೊಂಡಳು. ಒದ್ದೆ ಮಾಂಸ ಎಂದೂ ಬರೆ ಹಿಡಿಯದು ಎಂದು ಕಂಡುಕೊಂಡಳು. ಹಿಂದಿನ ದಿನವೇ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟು, ಹೊರಗೆ ತೆಗೆದ ಮೇಲೆ ಕಾಗದದಿಂದ ಒತ್ತಿ ಒತ್ತಿ ಒರೆಸಿದಳು. ಎಣ್ಣೆಯನ್ನು ಜಾಲರಿಗೆ ಸುರಿಯುವುದು ಬಿಟ್ಟು ಮಾಂಸಕ್ಕೆ ತೆಳುವಾಗಿ ಸವರಿದಳು. ಒಂದು ಬದಿಯ ಉರಿಯನ್ನು ಪೂರ್ತಿ ಆರಿಸಿ, ಈ ಬದಿಯಲ್ಲಿ ಬರೆ ಎಳೆದು, ಆ ಬದಿಯಲ್ಲಿ ಮುಚ್ಚಳದ ಕೆಳಗೆ ಮೆಲ್ಲಗೆ ಬೇಯಿಸುವುದನ್ನು ಕಲಿತಳು.

ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಇಟ್ಟ ಮೇಲೆ ಮುಟ್ಟಬಾರದು.

"ಕಚ್ಕೊಂಡಿದ್ರೆ ಇನ್ನೂ ಆಗಿಲ್ಲ ಅಂತ ಕಣೇ," ಎಂದು ಒಂದು ಸಂಜೆ ನನಗೆ ಹೇಳಿದಳು. ಮುಖದ ತುಂಬ ಬೆವರು. "ಎಳೀಬಾರ್ದು. ಆದಾಗ ತಾನೇ ಬಿಡುತ್ತೆ."

"ನಿನ್ನ ಗಂಡನ ಥರ," ಎಂದೆ. ಬಾಯಿಂದ ಜಾರಿಬಿಟ್ಟಿತು, ನಾಲಿಗೆ ಕಚ್ಚಿಕೊಂಡೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಗಹಗಹಿಸಿ ನಕ್ಕಳು. ಡ್ವೇನ್ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಇಕ್ಕಳ ಹಾಕಿದಳು. ಸ್ಟೇಕ್ ಎಲೆ ಎತ್ತಿದಂತೆ ಹಗುರವಾಗಿ ಮೇಲೆದ್ದಿತು. ಕೆಳಗೆ ಕಂದು ಹೊರಪದರ, ಅದರ ಮೇಲೆ ಅಳೆದು ಎಳೆದಂತೆ ಸಾಲು ಸಾಲು ಕರಿ ಬರೆ. ತಟ್ಟೆಗೆ ಹಾಕಿ, ಚಾಕು ಎತ್ತಿದ ನನ್ನ ಕೈಗೆ ಒಂದೇಟು ಕೊಟ್ಟು, "ಸ್ವಲ್ಪ ಆರಲಿ, ಈಗ್ಲೇ ಕುಯ್ದ್ರೆ ರಸ ಎಲ್ಲಾ ತಟ್ಟೆ ಪಾಲು," ಎಂದಳು. ಆರಿದ ಮೇಲೆ ಕತ್ತರಿಸಿದರೆ ಒಳಗೆ ಅಂಚಿನಿಂದ ಅಂಚಿಗೆ ಒಂದೇ ಗುಲಾಬಿ ಬಣ್ಣ. ಅಂಥ ಸ್ಟೇಕ್ ಡ್ವೇನ್ ತನ್ನ ಜನ್ಮದಲ್ಲಿ ಮಾಡಿರಲಿಲ್ಲ. ನಾನು ಹಾಗೆಂದೆ.

"ನೀನು ಹೇಳಿ ಏನು ಬಂತು?" ಎಂದಳು ಲವಾನ್. ಅವಳ ಕಣ್ಣು ಬೇಲಿಯ ಮೇಲಿತ್ತು.

ನಮ್ಮಲ್ಲಿ ಬೇಸಿಗೆಯ ಗಾಳಿ ದಕ್ಷಿಣದಿಂದ ಬೀಸುತ್ತದೆ. ಲವಾನ್ ಮನೆ ದಕ್ಷಿಣಕ್ಕೆ, ಜಾನೀನ್ ಮನೆ ಉತ್ತರಕ್ಕೆ. ಜಾನೀನ್ ಕೆಂಪು ಮಾಂಸ ಮುಟ್ಟುವವಳಲ್ಲ, ಅವಳ ಅಡುಗೆಮನೆಗೆ ಅದು ಬರುವ ಹಾಗೂ ಇರಲಿಲ್ಲ. ಡ್ವೇನ್ ಅವಳ ಮೇಜಿನಲ್ಲಿ ಸೊಪ್ಪು, ಕಡಲೆ, ಬೇಯಿಸಿದ ಕೋಳಿ ಎದೆ ತಿನ್ನುತ್ತಿದ್ದಾನೆ ಎಂಬುದನ್ನು ಹಾರ್ಲನ್ ಬಾಯ್ತಪ್ಪಿ ನಮ್ಮೆದುರು ಹೇಳಿಬಿಟ್ಟಿದ್ದ. ಲವಾನ್ ಗ್ರಿಲ್ಲನ್ನು ತಳ್ಳಿಕೊಂಡು ಹೋಗಿ ಬೇಲಿಯ ಬುಡದಲ್ಲೇ ನಿಲ್ಲಿಸಿದಳು. ಜಾನೀನ್ ಊಟದ ಮೇಜು ಹಾಕುವ ಹೊತ್ತಿಗೆ ಸರಿಯಾಗಿ ಮುಚ್ಚಳ ತೆರೆಯುತ್ತಿದ್ದಳು. ಕೊಬ್ಬು ಕಾಲುವೆಯಲ್ಲಿ ಚುರುಗುಟ್ಟುತ್ತಿತ್ತು. ಹೊಗೆ ಅವರ ಕಿಟಕಿಗೆ ನೆಟ್ಟಗೆ ಹೋಗುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಹೊಟ್ಟೆ ತುಂಬಿದ್ದರೂ ಸುಟ್ಟಳು. ತಿಂದು ಮಿಕ್ಕಿದ್ದನ್ನು ಬೀದಿಯವರಿಗೆ ಹಂಚಿದಳು.

ಮೊದಲು ಡ್ವೇನ್ ಕಿಟಕಿ ಮುಚ್ಚಿದ. ಆಮೇಲೆ ಕಿಟಕಿಯ ಬಳಿ ನಿಂತ. ಆಮೇಲೆ ಅಂಗಳಕ್ಕೆ ಬಂದು ಗಿಡಗಳಿಗೆ ನೀರು ಹಾಯಿಸುವ ನೆಪದಲ್ಲಿ ನಿಂತ. ಜುಲೈ ಕಳೆಯುವಷ್ಟರಲ್ಲಿ ಅವನು ಬೇಲಿಗೇ ಬಂದಿದ್ದ.

"ಆ ಅಲ್ಯೂಮಿನಿಯಂ ತಗಡು ಹಾಕಿದ್ದೀಯಾ?" ಎಂದ ಒಂದು ದಿನ, ತಿರಸ್ಕಾರದ ದನಿ ತರಲು ಪ್ರಯತ್ನಿಸುತ್ತ.

"ಹೂಂ. ಷಂಡರ ತಗಡು."

ಆ ಮಾತು ಹಾರ್ಲನ್ ಬಾಯಿಂದಲೇ ಬಂದದ್ದೆಂದು ತಿಳಿದು ಡ್ವೇನ್ ನಮ್ಮ ಮನೆಯ ಕಡೆ ಒಂದು ಸಲ ನೋಡಿದ. "ವಾಸನೆ ಪರವಾಗಿಲ್ಲ," ಎಂದ.

"ವಾಸನೆ ನಿಂದು. ಇಟ್ಕೋ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರದ ದರ್ಬಾರು ಮತ್ತೆ ಶುರುವಾಯಿತು, ಈ ಸಲ ಲವಾನ್‌ದು. ಬೀದಿಯವರೆಲ್ಲ ಕುರ್ಚಿ ತಂದೆವು. ಚರ್ಚಿನ ಪಾಸ್ಟರ್ ಕೂಡ ಒಂದು ಭಾನುವಾರ ಬಂದು, ಬೇಲಿಯಾಚೆ ನಿಂತಿದ್ದ ಡ್ವೇನ್‌ನನ್ನು ನೋಡಿ, ಲವಾನ್‌ಗೆ ಕ್ಷಮೆಯ ಬಗ್ಗೆ ನಾಲ್ಕು ಮಾತು ಹೇಳಲು ಹೊರಟರು.

"ಪಾಸ್ಟರೇ, ಕ್ಷಮೆ ಸಾವಕಾಶ ಆಗ್ಲಿ. ಇನ್ನೊಂದು ತುಂಡು ಹಾಕ್ಲಾ?"

ಅವರು ಹಾಕಿಸಿಕೊಂಡರು. ಮಾತು ಅಲ್ಲಿಗೆ ನಿಂತಿತು.

ಆಗಸ್ಟ್‌ನಲ್ಲಿ ಶಾಲೆ ತೆರೆಯಿತು. ಒಂದು ಮಧ್ಯಾಹ್ನ ಲವಾನ್ ಬಸ್ಸು ನಿಲ್ಲಿಸಿ ಮನೆಗೆ ಬಂದಾಗ ನಾನು ಅವಳ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ ಕೂತಿದ್ದೆ. ಜಾನೀನ್ ಪಕ್ಕದ ಗೇಟಿನಿಂದ ಬಂದು ನಿಂತಳು. ಮುಖ ಇಳಿದುಹೋಗಿತ್ತು.

"ಲವಾನ್, ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು."

"ಕೇಳು."

"ಸಾಕು ಮಾಡಿ. ದಯವಿಟ್ಟು. ನೀವು ಹಚ್ಚಿದ ಕೂಡ್ಲೇ ಅವರು ಊಟ ಬಿಟ್ಟು ಎದ್ದು ಹೋಗ್ತಾರೆ. ಬೇಲಿ ಹತ್ರ ನಿಂತ್ಕೋತಾರೆ. ನಾನು ಮಾಡಿದ್ದು ಮೇಜಿನ ಮೇಲೆ ಆರ್ತಾ ಇರುತ್ತೆ. ಬೇಸಿಗೆ ಪೂರ್ತಿ ನಾನೊಬ್ಳೇ ಕೂತು ಉಂಡಿದ್ದೀನಿ."

ನನಗೆ ಅಯ್ಯೋ ಅನ್ನಿಸಿತು. ಲವಾನ್‌ಗೆ ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದನ್ನು ತೋರಿಸಲಿಲ್ಲ.

"ಒಬ್ಳೇ ಉಣ್ಣೋದು ಹೇಗಿರುತ್ತೆ ಅಂತ ಗೊತ್ತಾಯ್ತಾ?" ಎಂದಳು. "ನಂಗೆ ಮೇ ತಿಂಗಳಲ್ಲೇ ಗೊತ್ತಾಯ್ತು. ಅವತ್ತು ನೀನು ಬಾಯಿಗೆ ಕೈ ಇಟ್ಕೊಂಡು ನಿಂತಿದ್ದೆ."

ಜಾನೀನ್ ತಲೆ ತಗ್ಗಿಸಿ ತಿರುಗಿದಳು. ಬಂದ ದಾರಿಯಲ್ಲೇ ಹೋದಳು. ಆ ಸಂಜೆ ಲವಾನ್ ದಪ್ಪನೆಯ ತುಂಡು ಸುಟ್ಟಳು.

ಅದಾದ ಕೆಲವೇ ದಿನಗಳಲ್ಲಿ ಡ್ವೇನ್ ಬಂದ. ಈ ಸಲ ಬೇಲಿಗಲ್ಲ, ಮುಂಬಾಗಿಲಿಗೆ. ಟೋಪಿ ಕೈಯಲ್ಲಿ. ಕಿಟಕಿ ತೆರೆದಿತ್ತು, ನಾನು ನನ್ನ ಮನೆಯ ವರಾಂಡದಲ್ಲಿದ್ದೆ, ಕಿವಿ ಮುಚ್ಚಿಕೊಳ್ಳಲಿಲ್ಲ.

"ನಂದು ತಪ್ಪಾಯ್ತು ಲವಾನ್. ಅಲ್ಲಿ ನಂಗೆ ಹೊಂದ್ಕೊಳ್ಳೋಕೆ ಆಗ್ತಾ ಇಲ್ಲ. ವಾಪಸ್ ಬರ್ತೀನಿ."

ಲವಾನ್ ಹೊಸ್ತಿಲಿಗೆ ಅಡ್ಡ ನಿಂತಳು.

"ಭಾನುವಾರ ಊಟಕ್ಕೆ ಬಾ," ಎಂದಳು.

ಡ್ವೇನ್ ದನಿಯಲ್ಲಿ ಹಳೆಯ ಜೋರು ಮರಳಿತು. "ಗೊತ್ತಿತ್ತು ಕಣೇ ನಂಗೆ! ನೀನು ಒಳ್ಳೆಯವಳು ಅಂತ ಗೊತ್ತಿತ್ತು!"

ಅವನು ಹೋದ ಮೇಲೆ ನಾನು ಓಡಿ ಹೋದೆ. "ನಿಜವಾಗ್ಲೂ ಸೇರಿಸ್ಕೋತೀಯೇನೇ ಅವನ್ನ?"

"ಊಟಕ್ಕೆ ಕರೆದಿದ್ದೀನಿ."

"ಅವನು ಹಾಗೆ ತಿಳ್ಕೊಂಡಿಲ್ಲ."

"ಅವನು ಹೇಗೆ ತಿಳ್ಕೊಂಡ ಅನ್ನೋದು ಅವನ ಪಾಡು," ಎಂದಳು. ಹೇಳಬೇಕಿತ್ತೋ ಏನೋ, ಅವನಿಗೆ ಒಂದು ಮಾತು. ಹೇಳಲಿಲ್ಲ. ನೋಡುವ ಆಸೆ ನನಗೂ ಇತ್ತು.

ಅದು ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಕಾರ್ಮಿಕ ದಿನದ ಹಿಂದಿನ ಭಾನುವಾರ. ಹಿತ್ತಲ ತುಂಬ ಜನ. ಡ್ವೇನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಟ್ಟೆ ಪೆಟ್ಟಿಗೆ ಹಿಡಿದು ಬಂದ. ಜಾನೀನ್‌ಗೆ ಎಲ್ಲ ಹೇಳಿ, ಕೀಲಿಕೈ ಕೊಟ್ಟು ಬಂದಿದ್ದ. ಅವನು ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು, ಕೈ ಉಜ್ಜಿಕೊಳ್ಳುತ್ತ ನೇರ ಗ್ರಿಲ್ ಬಳಿ ಹೋಗಿ ಇಕ್ಕಳಕ್ಕೆ ಕೈ ಚಾಚಿದ.

"ಕೂತ್ಕೋ," ಎಂದಳು ಲವಾನ್.

ಅವನು ನಗುತ್ತ ಕೂತ. ಅವಳು ಅವನ ಎದುರಿಗೇ ಎಲ್ಲ ಮಾಡಿದಳು. ಅವಸರವಿಲ್ಲ. ಒರೆಸಿದಳು, ಎಣ್ಣೆ ಸವರಿದಳು, ಏಣುಗಳ ಮೇಲೆ ಓರೆಯಾಗಿ ಇಟ್ಟಳು, ಮುಚ್ಚಳ ಹಾಕಿದಳು, ಕೈ ಕಟ್ಟಿ ನಿಂತಳು. ಒಂದು ಸಲ ಎತ್ತಿ ಕಾಲುಭಾಗ ತಿರುಗಿಸಿಟ್ಟಳು, ಬರೆಗಳು ಒಂದನ್ನೊಂದು ಹಾಯ್ದು ಚೌಕುಳಿಯಾದವು. ಮಗುಚಿದಳು. ಉರಿ ಆರಿಸಿದ್ದ ಬದಿಗೆ ಸರಿಸಿದಳು. ಆರಲು ಬಿಟ್ಟು, ತಟ್ಟೆಯನ್ನು ಡ್ವೇನ್ ಮುಂದೆ ಇಟ್ಟಳು.

ಅವನು ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡ. ಆಮೇಲೆ ತಲೆಯೆತ್ತದೆ ತಿಂದ. ಬೇಸಿಗೆಯಲ್ಲಿ ಅವನ ಕೊರಳ ಮೂಳೆ ಎದ್ದಿತ್ತು, ಅಂಗಿಯ ಕಾಲರ್ ಸಡಿಲವಾಗಿತ್ತು.

"ಹೇಗಿದೆ?"

"ಚೆನ್ನಾಗಿದೆ."

"ಎಲ್ರಿಗೂ ಕೇಳೋ ಹಾಗೆ ಹೇಳು."

ಡ್ವೇನ್ ಸುತ್ತ ನೋಡಿದ. "ಚೆನ್ನಾಗಿದೆ. ನಾನು ಮಾಡೋದಕ್ಕಿಂತ ಚೆನ್ನಾಗಿದೆ," ಎಂದ. ಹೇಳಿ ಮುಗಿದ ಮೇಲೆ ಹಗುರವಾದವನಂತೆ ನಕ್ಕ. ಇಷ್ಟೇ ಬೆಲೆಯಾದರೆ ಕೊಟ್ಟೆ ಎಂಬ ನಗು.

"ಆ ಜುಲೈ ನಾಲ್ಕರ ದಿನ ತಿರುಪುಗಳನ್ನೆಲ್ಲ ಕೊನೆ ತನಕ ತಿರುಗಿಸಿ ಹೋದವ್ರು ಯಾರು?"

ನಗು ನಿಂತಿತು. "ಅದೆಲ್ಲ ಈಗ ಯಾಕೆ—"

"ಯಾರು ಡ್ವೇನ್?"

"ನಾನು."

"ಇದಕ್ಕೂ ನಗ್ರಿ," ಎಂದು ಅವಳು ನಮ್ಮ ಕಡೆ ತಿರುಗಿ ಹೇಳಿದಳು. ಯಾರೂ ನಗಲಿಲ್ಲ. ನಾನು ನನ್ನ ತಟ್ಟೆ ನೋಡಿಕೊಂಡೆ. ಅವಳು ಡ್ವೇನ್ ಮುಂದಿನ ಖಾಲಿ ತಟ್ಟೆ ಎತ್ತಿಕೊಂಡಳು. "ಊಟ ಆಯ್ತಲ್ಲ. ಪೆಟ್ಟಿಗೆ ಮರೀಬೇಡ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಲವಾನ್, ಅಲ್ಲಿ ಎಲ್ಲಾ ಮುಗಿಸಿ ಬಂದಿದ್ದೀನಿ ಕಣೇ."

"ಊಟಕ್ಕೆ ಬಾ ಅಂದೆ. ಬಂದೆ. ಉಂಡೆ."

ಡ್ವೇನ್ ಬೇಲಿಯಾಚೆ ನೋಡಿದ. ಜಾನೀನ್ ತನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಅವನು ನೋಡಿದ್ದು ಕಂಡು ಪರದೆ ಎಳೆದಳು. ಆ ದೊಡ್ಡ ಗಂಟಲಿನ ಮನುಷ್ಯ ಹುಲ್ಲಿನ ಮೇಲೆ ಪೆಟ್ಟಿಗೆಯ ಪಕ್ಕದಲ್ಲಿ ದನಿಯೇ ಇಲ್ಲದೆ ನಿಂತಿದ್ದ. ಕೊನೆಗೆ ಹಾರ್ಲನ್ ಎದ್ದು, "ಬಾರೋ," ಎಂದು ಅವನ ಪೆಟ್ಟಿಗೆ ಎತ್ತಿಕೊಂಡ. ತನ್ನ ಪಿಕಪ್‌ನಲ್ಲಿ ಕೂರಿಸಿಕೊಂಡು ಡ್ವೇನ್‌ನ ತಮ್ಮನ ಊರಿಗೆ ಬಿಟ್ಟು ಬಂದ.

ಡ್ವೇನ್ ಮತ್ತೆ ನಮ್ಮ ಊರಿನಲ್ಲಿ ನೆಲೆಸಲಿಲ್ಲ. ತಮ್ಮನ ಊರಲ್ಲೇ ಎಲ್ಲೋ ಧಾನ್ಯದ ಗೋದಾಮಿನಲ್ಲಿ ಕೆಲಸ ಹಿಡಿದನಂತೆ. ಜಾನೀನ್ ಒಬ್ಬಳೇ ಇದ್ದಾಳೆ. ಅವಳೂ ಲವಾನ್‌ಳೂ ಬೇಲಿಯ ಎರಡು ಕಡೆ ಎದುರಾದರೆ ಮುಖ ತಿರುಗಿಸುವುದಿಲ್ಲ, ಮಾತೂ ಆಡುವುದಿಲ್ಲ. ಹಾರ್ಲನ್ ಮಾತ್ರ ಆಮೇಲೆ ಎಷ್ಟೋ ವಾರ ಲವಾನ್ ಹಿತ್ತಲಿಗೆ ಕಾಲಿಡಲಿಲ್ಲ. "ಅವನು ಮಾಡಿದ್ದು ತಪ್ಪೇ. ಆದ್ರೆ ಹಸಿದು ಬಂದವನಿಗೆ ಹಂಗ್ ಮಾಡ್ಬಾರ್ದು," ಎಂದ. ನಾನು ಅವನ ಜೊತೆ ಜಗಳಾಡಿದೆ. ಜಗಳಾಡುವಾಗ ನಾನು ಹೇಳುತ್ತಿದ್ದುದನ್ನು ನಾನೇ ಪೂರ್ತಿ ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ.

ಆ ಊಟದ ಮರುದಿನ ಬೆಳಗ್ಗೆ ಲವಾನ್‌ಳನ್ನು ಕೇಳಿದ್ದೆ, "ರಾತ್ರಿ ನಿದ್ದೆ ಬಂತೇನೇ?" ಎಂದು.

"ಮೇ ತಿಂಗಳಿಂದ ಇಂಥ ನಿದ್ದೆ ಮಾಡಿರ್ಲಿಲ್ಲ," ಎಂದಳು. ಅದು ಸುಳ್ಳಲ್ಲ, ಮುಖದಲ್ಲೇ ಕಾಣುತ್ತಿತ್ತು.

ಆದರೆ ಆ ಭಾನುವಾರದ ನಂತರ ಅವಳು ಗ್ರಿಲ್ ಹಚ್ಚಲಿಲ್ಲ. ಸೆಪ್ಟೆಂಬರ್ ಹಾಗೇ ಹೋಯಿತು. ಅಕ್ಟೋಬರ್‌ನ ಒಂದು ಮಧ್ಯಾಹ್ನ, ಆಕಾಶ ಹಿಮದ ಬಣ್ಣಕ್ಕೆ ತಿರುಗಿದ್ದಾಗ, ಗ್ರಿಲ್ಲನ್ನು ಗ್ಯಾರೇಜಿಗೆ ಸೇರಿಸಲು ನನ್ನನ್ನು ಕರೆದಳು. ಜಾಲರಿಯ ಹಲಗೆಗಳನ್ನು ಬಿಡಿಸಿ, ಕಾಲುವೆಗಳಲ್ಲಿ ಕಟ್ಟಿಕೊಂಡಿದ್ದ ಜಿಡ್ಡನ್ನು ಕೆರೆದು ಕೆರೆದು ತೆಗೆಯುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಅವತ್ತು ಅವನು ತಿಂತಾ ಇದ್ದಾಗ ಎಷ್ಟು ಬಡವಾಗಿದ್ದಾನೆ ಅಂತ ಕಣ್ಣಿಗೆ ಬಿತ್ತು. ಇನ್ನೊಂದು ತುಂಡು ಹಾಕೋಕೆ ಕೈ ಹೋಯ್ತು ಕಣೇ. ತಾನಾಗೇ ಹೋಯ್ತು."

"ಮತ್ತೆ?"

"ಈ ಕೈಲಿ ಆ ಕೈನ ಹಿಡ್ಕೊಂಡೆ."

"ಹಾಕಬೇಕಿತ್ತು ಅನ್ಸುತ್ತಾ?"

ಅವಳು ಹಲಗೆ ಮಗುಚಿ ಇನ್ನೊಂದು ಬದಿ ಕೆರೆಯತೊಡಗಿದಳು. "ಇಲ್ಲ," ಎಂದಳು. "ಹಾಕಿದ್ರೆ ಇವತ್ತು ಇಲ್ಲೇ ಕೂತು ನಂಗೆ ಹೇಗೆ ತೊಳೀಬೇಕು ಅಂತ ಹೇಳ್ಕೊಡ್ತಿದ್ದ."

ಸಿಲಿಂಡರ್ ಕಳಚಿ ಹೊರಗೆ ಗೋಡೆಯ ಬದಿಗಿಟ್ಟೆವು. ಅದನ್ನು ಮುಚ್ಚಿದ ಜಾಗದಲ್ಲಿ ಇಡಬಾರದು. ಗ್ರಿಲ್ಲನ್ನು ಇಬ್ಬರೂ ಸೇರಿ ಗ್ಯಾರೇಜಿಗೆ ತಳ್ಳಿದೆವು. ಅವಳಿಗೆ ಬೆಳಗ್ಗೆ ಬೇಗ ಬಸ್ಸು ತೆಗೆಯಬೇಕಿತ್ತು, ಒಳಗೆ ಹೋದಳು.